ತನ್ನ ವಿಮಾನವನ್ನು ತಾನೇ ರಿಪೇರಿ ಮಾಡಿಕೊಂಡ ಏಮಿ ಜಾನ್ಸನ್

ರಸಪ್ರಶ್ನೆ ಸ್ಪರ್ಧೆಗೆ ಮಕ್ಕಳನ್ನು ಸಿದ್ಧಪಡಿಸುವ ಶಿಕ್ಷಕರಿಗೆಲ್ಲ ಒಂದು ಪ್ರಶ್ನೆ ಚೆನ್ನಾಗಿ ಪರಿಚಯವಿರುತ್ತದೆ. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾದವರೆಗೆ ಒಬ್ಬಳೇ ವಿಮಾನ ಹಾರಿಸಿಕೊಂಡು ಹೋದ ಮೊದಲ ಮಹಿಳೆ ಯಾರು ಎಂಬುದು ಆ ಪ್ರಶ್ನೆ. ಮಕ್ಕಳು ಏಮಿ ಜಾನ್ಸನ್ ಎಂದು ಥಟ್ಟನೆ ಉತ್ತರ ಕೊಡುತ್ತಾರೆ. ಒಂದು ಅಂಕ ಸಿಗುತ್ತದೆ. ನಾವು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ಆ ಪ್ರಯಾಣಕ್ಕೆ ಹೊರಡುವ ಕೆಲವು ತಿಂಗಳ ಮೊದಲೇ ಈ ಯುವತಿ ಇನ್ನೊಂದು ವಿಷಯದಲ್ಲಿ ಮೊದಲಿಗಳಾಗಿದ್ದಳು. ಬ್ರಿಟನ್ನಿನ ವಾಯುಯಾನ ಸಚಿವಾಲಯದಿಂದ ಗ್ರೌಂಡ್ ಎಂಜಿನಿಯರ್ ಲೈಸೆನ್ಸ್ ಪಡೆದ ಮೊದಲ ಮಹಿಳೆ ಆಕೆಯೇ. ಗ್ರೌಂಡ್ ಎಂಜಿನಿಯರ್ ಎಂದರೆ ವಿಮಾನವನ್ನು ನೆಲದ ಮೇಲೆ ಪರೀಕ್ಷಿಸಿ, ದುರಸ್ತಿ ಮಾಡಿ, ಇದು ಹಾರಲು ಯೋಗ್ಯ ಎಂದು ಸಹಿ ಹಾಕುವ ವ್ಯಕ್ತಿ. ಈ ಸಂಗತಿ ಯಾವ ರಸಪ್ರಶ್ನೆಯಲ್ಲೂ ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಎರಡನೆಯ ಉತ್ತರ ಇಲ್ಲದಿದ್ದರೆ ಮೊದಲನೆಯ ಉತ್ತರವೇ ಇರುತ್ತಿರಲಿಲ್ಲ.

ಏಮಿ ಹುಟ್ಟಿದ್ದು 1903ರ ಜುಲೈ 1ರಂದು, ಇಂಗ್ಲೆಂಡಿನ ಪೂರ್ವ ಕರಾವಳಿಯ ಹಲ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಮೀನಿನ ವ್ಯಾಪಾರಿ, ಅನುಕೂಲಸ್ಥರು. ನಾಲ್ಕು ಹೆಣ್ಣುಮಕ್ಕಳಲ್ಲಿ ಏಮಿ ಹಿರಿಯಳು. ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಓದಿ 1925ರಲ್ಲಿ ಬಿ.ಎ. ಪದವಿ ಪಡೆದಳು. ಹೆಣ್ಣುಮಕ್ಕಳು ಪದವಿ ಪಡೆಯುವುದು ಆ ಕಾಲದ ಇಂಗ್ಲೆಂಡಿನಲ್ಲೂ ಸಾಮಾನ್ಯ ಸಂಗತಿಯಾಗಿರಲಿಲ್ಲ. ಆದರೆ ಪದವಿ ಪಡೆದ ಹುಡುಗಿಯ ಮುಂದೆ ಇದ್ದ ದಾರಿಗಳು ಎರಡೇ. ಒಂದು ಶಾಲಾ ಶಿಕ್ಷಕಿಯಾಗುವುದು, ಇನ್ನೊಂದು ಟೈಪಿಂಗ್ ಕಲಿತು ಕಚೇರಿ ಸೇರುವುದು. ಏಮಿ ಎರಡನೆಯದನ್ನು ಆರಿಸಿಕೊಂಡಳು. ಮನಸ್ಸಿಗೆ ಹತ್ತಿರವಾಗಿದ್ದ ಒಂದು ಸಂಬಂಧ ಕೂಡಿಬರಲಿಲ್ಲ. ಊರು ಬಿಟ್ಟು ಲಂಡನ್ನಿಗೆ ಬಂದು ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿಕೊಂಡಳು.

ಲಂಡನ್ನಿನ ಹೊರವಲಯದಲ್ಲಿ ಸ್ಟ್ಯಾಗ್ ಲೇನ್ ಎಂಬ ವಿಮಾನ ನಿಲ್ದಾಣವಿತ್ತು. ಅಲ್ಲಿ ಲಂಡನ್ ಏರೋಪ್ಲೇನ್ ಕ್ಲಬ್ ಎಂಬ ಸಂಸ್ಥೆ ನಡೆಯುತ್ತಿತ್ತು. ಸರ್ಕಾರದ ಸಹಾಯಧನವಿದ್ದ ಕಾರಣ ಸಂಬಳದಾರರೂ ಅಲ್ಲಿ ವಿಮಾನ ಹಾರಿಸಲು ಕಲಿಯಬಹುದಿತ್ತು. 1928ರಲ್ಲಿ ಏಮಿ ಅಲ್ಲಿ ಸೇರಿದಳು. ಆಕೆ ಬಹಳ ಜಾಣ ವಿದ್ಯಾರ್ಥಿನಿಯಾಗಿದ್ದಳು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ಇತರರು ಎಂಟು ಹತ್ತು ಗಂಟೆಗಳ ತರಬೇತಿಯ ನಂತರ ಒಬ್ಬರೇ ಹಾರುತ್ತಿದ್ದರು. ಈಕೆಗೆ ಸುಮಾರು 16 ಗಂಟೆ ಬೇಕಾಯಿತು. ಇಳಿಸುವಾಗ ವಿಮಾನವನ್ನು ನೆಲಕ್ಕೆ ಕುಕ್ಕುವ ಅಭ್ಯಾಸ ಆಕೆಯನ್ನು ಬಹಳ ಕಾಲ ಬಿಡಲಿಲ್ಲ. ಮುಂದೆ ಅದಕ್ಕೆ ಬೆಲೆಯನ್ನೂ ತೆತ್ತಳು. ಅಂತೂ 1929ರ ಜುಲೈನಲ್ಲಿ ಪೈಲಟ್ ಲೈಸೆನ್ಸ್ ಕೈಗೆ ಬಂತು. ಅದೇ ತಿಂಗಳು ತಂಗಿ ಐರೀನ್ ತೀರಿಕೊಂಡಳು. ಮನೆಯಲ್ಲಿ ದುಃಖ ತುಂಬಿದ್ದ ಆ ದಿನಗಳಲ್ಲಿ ಏಮಿ ಕೆಲಸದಲ್ಲಿ ಇನ್ನಷ್ಟು ಮುಳುಗಿದಳು.

ಕ್ಲಬ್ಬಿನ ಹ್ಯಾಂಗರಿನಲ್ಲಿ, ಅಂದರೆ ವಿಮಾನಗಳನ್ನು ನಿಲ್ಲಿಸಿ ರಿಪೇರಿ ಮಾಡುವ ದೊಡ್ಡ ಶೆಡ್ಡಿನಲ್ಲಿ, ಜ್ಯಾಕ್ ಹಂಫ್ರೀಸ್ ಎಂಬ ಮುಖ್ಯ ಎಂಜಿನಿಯರ್ ಇದ್ದರು. ಹಣವಂತರಾದ ಸದಸ್ಯರು ವಿಮಾನ ಹಾರಿಸಿ, ಇಳಿದು, ಮಿಸ್ತ್ರಿಗಳ ಕೈಗೆ ಒಪ್ಪಿಸಿ ಹೊರಟುಹೋಗುತ್ತಿದ್ದರು. ಎಂಜಿನಿನ ಒಳಗೆ ಏನಿದೆ ಎಂಬುದು ಅವರಿಗೆ ಬೇಕಿರಲಿಲ್ಲ. ಏಮಿಗೆ ಬೇಕಿತ್ತು. ಆದರೆ ಹೆಂಗಸರು ಹ್ಯಾಂಗರಿನೊಳಗೆ ಕೆಲಸ ಮಾಡುವ ರೂಢಿ ಅಲ್ಲಿರಲಿಲ್ಲ. ಒಂದೆರಡು ದಿನದಲ್ಲಿ ಬೇಸತ್ತು ಹೋಗುತ್ತಾಳೆ ಎಂದು ಎಲ್ಲರೂ ಭಾವಿಸಿದ್ದರು. ಆಕೆ ಬೆಳಗಿನ ಜಾವ ಬಂದು, ನೆಲ ಗುಡಿಸಿ, ಎಂಜಿನ್ ಭಾಗಗಳನ್ನು ತೊಳೆದು, ಅಲ್ಲಿಂದ ಕಚೇರಿಗೆ ಹೋಗಿ, ಸಂಜೆ ಮತ್ತೆ ಬರುತ್ತಿದ್ದಳು. ಕ್ರಮೇಣ ಮಿಸ್ತ್ರಿಗಳು ಆಕೆಯನ್ನು ತಮ್ಮವಳೆಂದು ಒಪ್ಪಿಕೊಂಡು ಜಾನಿ ಎಂದು ಕರೆಯತೊಡಗಿದರು. ಕೊನೆಗೆ ತಂದೆಯ ಬೆಂಬಲದಿಂದ ಕಚೇರಿಯ ಕೆಲಸ ಬಿಟ್ಟು ಪೂರ್ತಿ ಸಮಯ ಹ್ಯಾಂಗರಿನಲ್ಲೇ ಕಳೆದಳು. ಪದವೀಧರೆಯಾದ ಮಗಳು ಸಂಬಳದ ಕೆಲಸ ಬಿಟ್ಟು ಮಿಸ್ತ್ರಿ ಕೆಲಸ ಕಲಿಯಲು ಹೋಗುತ್ತೇನೆಂದಾಗ ಖರ್ಚಿಗೆ ಹಣ ಕಳಿಸಿದ ಆ ಮೀನು ವ್ಯಾಪಾರಿ ತಂದೆಯನ್ನು ನಾನು ಆಗಾಗ ನೆನೆಯುತ್ತೇನೆ. 1929ರ ಡಿಸೆಂಬರಿನಲ್ಲಿ ಪರೀಕ್ಷೆ ಮುಗಿಸಿ ಆಕೆ ಗ್ರೌಂಡ್ ಎಂಜಿನಿಯರ್ ಲೈಸೆನ್ಸ್ ಪಡೆದಳು.

ಆಕೆ ಕಲಿತ ವಿದ್ಯೆ ಯಾವ ಬಗೆಯದು ಎಂಬುದನ್ನು ಸ್ವಲ್ಪ ವಿವರಿಸಬೇಕು. ಅಂದಿನ ಸಣ್ಣ ಖಾಸಗಿ ವಿಮಾನಗಳಲ್ಲಿ ಬಹಳ ಹೆಸರಾದದ್ದು ಡಿ ಹ್ಯಾವಿಲ್ಯಾಂಡ್ ಕಂಪನಿಯ ಮಾತ್. ಅದರಲ್ಲಿ ಜಿಪ್ಸಿ ಎಂಬ 100 ಅಶ್ವಶಕ್ತಿಯ ಎಂಜಿನ್ ಇದ್ದುದಕ್ಕೆ ಜಿಪ್ಸಿ ಮಾತ್ ಎಂದು ಹೆಸರು. ದೇಹವೆಲ್ಲ ಮರ ಮತ್ತು ಪ್ಲೈವುಡ್. ಮೇಲೊಂದು ಕೆಳಗೊಂದು ಜೋಡಿ ರೆಕ್ಕೆ. ರೆಕ್ಕೆಯೆಂದರೆ ಮರದ ಚೌಕಟ್ಟಿನ ಮೇಲೆ ಲಿನನ್ ಬಟ್ಟೆ ಹೊದಿಸಿ, ಡೋಪ್ ಎಂಬ ದ್ರಾವಣ ಬಳಿದು ಬಿಗಿಗೊಳಿಸಿದ್ದು. ಡೋಪ್ ಒಣಗಿದಾಗ ಬಟ್ಟೆ ತಮಟೆಯ ಚರ್ಮದ ಹಾಗೆ ಬಿಗಿಯಾಗುತ್ತದೆ, ನೀರೂ ಒಳಗಿಳಿಯುವುದಿಲ್ಲ. ಎಂಜಿನಿಗೆ ನಾಲ್ಕು ಸಿಲಿಂಡರ್, ಗಾಳಿಯಿಂದಲೇ ತಂಪಾಗುವ ವ್ಯವಸ್ಥೆ. ಪೆಟ್ರೋಲ್ ಟ್ಯಾಂಕ್ ಮೇಲಿನ ರೆಕ್ಕೆಯ ನಡುವೆ ಇರುತ್ತಿದ್ದುದರಿಂದ ಪೆಟ್ರೋಲು ತಾನಾಗಿಯೇ ಎಂಜಿನಿಗೆ ಇಳಿಯುತ್ತಿತ್ತು. ಪಂಪು ಇಲ್ಲ, ಹಾಗಾಗಿ ಪಂಪು ಕೆಡುವ ಭಯವೂ ಇಲ್ಲ.

ಇಂಥ ಎಂಜಿನ್ ಹಾರುವಾಗ ತಡವರಿಸಿದರೆ ಏನೆಂದು ತಿಳಿಯಬೇಕು? ಕಿಡಿಯ ದೋಷವೋ, ಪೆಟ್ರೋಲಿನ ದೋಷವೋ, ಗಾಳಿಯ ದೋಷವೋ ಎಂದು ಒಂದೊಂದಾಗಿ ಬಿಡಿಸಿ ನೋಡಬೇಕು. ಪ್ರತಿ ಸಿಲಿಂಡರಿಗೂ ಎರಡು ಪ್ಲಗ್, ಆ ಎರಡಕ್ಕೂ ಬೇರೆ ಬೇರೆ ಮ್ಯಾಗ್ನೆಟೋದಿಂದ ಕಿಡಿ. ನೆಲದ ಮೇಲೆ ಎಂಜಿನ್ ಓಡಿಸಿ, ಒಂದು ಮ್ಯಾಗ್ನೆಟೋ ಆರಿಸಿ ನೋಡುವುದು, ಮತ್ತೆ ಇನ್ನೊಂದನ್ನು ಆರಿಸಿ ನೋಡುವುದು. ಯಾವುದನ್ನು ಆರಿಸಿದಾಗ ಎಂಜಿನ್ ಹೆಚ್ಚು ಸೊರಗುತ್ತದೋ, ಉಳಿದದ್ದರಲ್ಲಿ ದೋಷವಿದೆ ಎಂದರ್ಥ. ಎಂಜಿನ್ ಒಂದೇ ಸಮನೆ ಓಡುತ್ತಾ ಕ್ರಮೇಣ ಸೊರಗಿದರೆ ಪೆಟ್ರೋಲಿನ ಸೋಸುಬಲೆಯಲ್ಲಿ ಕಸ ಸೇರಿದೆಯೇ ಎಂದು ನೋಡಬೇಕು. ಇದು ವೈದ್ಯರು ನಾಡಿ ಹಿಡಿದು ನೋಡುವಂತಹ ಕೆಲಸ. ಪುಸ್ತಕ ಓದಿದರೆ ಸಾಲದು, ಕಿವಿಯೂ ಬೆರಳುಗಳೂ ಕಲಿಯಬೇಕು.

ಲೈಸೆನ್ಸ್ ಬಂದ ಮೇಲೆ ಏಮಿಗೆ ಆಸ್ಟ್ರೇಲಿಯಾದ ಕನಸು ಹತ್ತಿತು. 1928ರಲ್ಲಿ ಬರ್ಟ್ ಹಿಂಕ್ಲರ್ ಎಂಬ ವೈಮಾನಿಕರು ಒಬ್ಬರೇ ಹದಿನೈದೂವರೆ ದಿನಗಳಲ್ಲಿ ಆ ಪ್ರಯಾಣ ಮುಗಿಸಿದ್ದರು. ಅದಕ್ಕಿಂತ ಬೇಗ ಹೋಗಬೇಕೆಂಬುದು ಏಮಿಯ ಆಸೆ. ಆದರೆ ಅದುವರೆಗೆ ಆಕೆ ಒಬ್ಬಳೇ ಹಾರಿದ್ದ ಅತಿ ದೂರದ ಪ್ರಯಾಣವೆಂದರೆ ಲಂಡನ್ನಿನಿಂದ ತನ್ನ ಊರು ಹಲ್‌ವರೆಗೆ. ಹಣಕ್ಕಾಗಿ ಹಲವರಿಗೆ ಪತ್ರ ಬರೆದಳು. ಕೊನೆಗೆ ಕ್ಯಾಸ್ಟ್ರಾಲ್ ಎಣ್ಣೆ ಕಂಪನಿಯ ಒಡೆಯರಾದ ಲಾರ್ಡ್ ವೇಕ್‌ಫೀಲ್ಡ್ ಮತ್ತು ತಂದೆ ಇಬ್ಬರೂ ಹಣ ಕೊಟ್ಟರು. 600 ಪೌಂಡಿಗೆ ಒಂದು ಸೆಕೆಂಡ್ ಹ್ಯಾಂಡ್ ಜಿಪ್ಸಿ ಮಾತ್ ಬಂತು. ತಂದೆಯ ಮೀನಿನ ವ್ಯಾಪಾರದ ಗುರುತಿನ ಹೆಸರನ್ನೇ ಇಟ್ಟು ಅದನ್ನು ಜೇಸನ್ ಎಂದು ಕರೆದಳು. ಕಡು ಹಸಿರು ಬಣ್ಣ, ಮೇಲೆ ಬೆಳ್ಳಿಯ ಅಕ್ಷರ.

ಹೊಸದು ಕೊಳ್ಳಲು ಹಣವಿರಲಿಲ್ಲ ಎಂಬುದು ನಿಜವಾದರೂ ಈ ಹಳೆಯ ವಿಮಾನದಲ್ಲಿ ಒಂದು ಅನುಕೂಲವಿತ್ತು. ಹಿಂದಿನ ಮಾಲೀಕರು ದೂರದ ಪ್ರಯಾಣಕ್ಕೆಂದು ಅದಕ್ಕೆ ಹೆಚ್ಚುವರಿ ಪೆಟ್ರೋಲ್ ಟ್ಯಾಂಕುಗಳನ್ನು ಕೂಡಿಸಿದ್ದರು. ಮುಂದಿನ ಆಸನದ ಜಾಗವನ್ನೂ ಟ್ಯಾಂಕ್ ತಿಂದಿತ್ತು. ಆದರೆ ಯಂತ್ರಕ್ಕೆ ಏನನ್ನಾದರೂ ಕೂಡಿಸಿದರೆ ಅದರ ಹಿಂದೆಯೇ ಹೊಸ ತೊಂದರೆಯೂ ಬರುತ್ತದೆ. ಕೆಳಗಿರುವ ಈ ಟ್ಯಾಂಕುಗಳಿಂದ ಪೆಟ್ರೋಲು ತಾನಾಗಿ ಮೇಲಕ್ಕೆ ಹರಿಯದು. ಹಾರುತ್ತಿರುವಾಗಲೇ ಕೈಪಂಪಿನಿಂದ ಮೇಲಿನ ಟ್ಯಾಂಕಿಗೆ ಎತ್ತಬೇಕು. ಒಂದು ಕೈಯಲ್ಲಿ ವಿಮಾನದ ಹಿಡಿ, ಇನ್ನೊಂದು ಕೈಯಲ್ಲಿ ಪಂಪು. ತೆರೆದ ಆಸನದಲ್ಲಿ ಕುಳಿತ ಏಮಿ ದಿನಕ್ಕೆ ಹಲವು ಗಂಟೆ ಹಾರುತ್ತಾ ಪಂಪು ಹೊಡೆಯುತ್ತಿದ್ದಳು. ಪೆಟ್ರೋಲಿನ ವಾಸನೆಗೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ರೇಡಿಯೋ ಇರಲಿಲ್ಲ. ಸಾಮಾನುಗಳ ಜೊತೆ ಒಂದು ಹೆಚ್ಚುವರಿ ಪ್ರೊಪೆಲ್ಲರನ್ನೂ ವಿಮಾನದ ಮಗ್ಗುಲಿಗೆ ಕಟ್ಟಿಕೊಂಡಿದ್ದಳು. ಇದನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

1930ರ ಮೇ 5ರ ಬೆಳಿಗ್ಗೆ ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಿಂದ ಹೊರಟಳು. ಭಾರ ಹೆಚ್ಚಾಗಿ ಮೊದಲ ಸಲ ವಿಮಾನ ಮೇಲೇಳಲೇ ಇಲ್ಲ, ಎರಡನೆಯ ಪ್ರಯತ್ನದಲ್ಲಿ ಎದ್ದಿತು. ಬೀಳ್ಕೊಡಲು ಬಂದವರು ಕೆಲವೇ ಜನ. ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಟಾರಸ್ ಪರ್ವತಗಳ ಮೋಡಗಳ ನಡುವೆ ಅಪಾಯಕರವಾಗಿ ಹಾದು ಅಲೆಪ್ಪೊ. ಪ್ರತಿ ಸಂಜೆ ಇಳಿದ ಮೇಲೆ ಊಟ ನಿದ್ರೆಗಿಂತ ಮೊದಲು ಎಂಜಿನಿನ ಸೇವೆ. ಪ್ಲಗ್ ಬಿಚ್ಚಿ ಉಜ್ಜುವುದು, ಸೋಸುಬಲೆ ತೊಳೆಯುವುದು, ಎಣ್ಣೆ ಬದಲಿಸುವುದು, ಟ್ಯಾಪೆಟ್ ಸಂದು ನೋಡುವುದು. ಇದಕ್ಕೆ ಎರಡು ಮೂರು ಗಂಟೆ. ಉಳಿದ ಮೂರು ನಾಲ್ಕು ಗಂಟೆ ನಿದ್ರೆ. ಬೆಳಕು ಹರಿಯುವ ಮುಂಚೆ ಮತ್ತೆ ಹಾರಾಟ.

ನಾಲ್ಕನೆಯ ದಿನ ಅಲೆಪ್ಪೊದಿಂದ ಬಾಗ್ದಾದಿಗೆ ಹೋಗುವಾಗ ಮರಳು ಬಿರುಗಾಳಿ ಎದುರಾಯಿತು. ಮುಂದೇನೂ ಕಾಣದೆ ಮರುಭೂಮಿಯ ನಡುವೆ ಇಳಿಯಬೇಕಾಯಿತು. ಎಂಜಿನ್ ಎದುರು ನಿಂತ ಶತ್ರುವೆಂದರೆ ಗಾಳಿಯಲ್ಲ, ಮರಳು. ಸಿಲಿಂಡರಿನೊಳಗೆ ಮರಳು ಹೊಕ್ಕರೆ ಒಳಭಾಗವನ್ನು ಉಪ್ಪುಕಾಗದದ ಹಾಗೆ ಉಜ್ಜಿ ಹಾಳುಮಾಡುತ್ತದೆ. ಏಮಿ ಗಾಳಿಗೆ ಎದುರಾಗಿ ವಿಮಾನ ನಿಲ್ಲಿಸಿ, ಚಕ್ರಗಳಿಗೆ ತನ್ನ ಪೆಟ್ಟಿಗೆಗಳನ್ನು ಅಡ್ಡಗಟ್ಟಿ, ಗಾಳಿಗೆ ಕಿತ್ತುಹೋಗುತ್ತಿದ್ದ ಹೊದಿಕೆಯನ್ನು ಹೆಣಗಾಡಿ ಎಂಜಿನಿಗೆ ಹೊದಿಸಿದಳು. ಆಮೇಲೆ ವಿಮಾನದ ಬಾಲದ ಮೇಲೆ ಕುಳಿತು ಗಾಳಿ ನಿಲ್ಲುವವರೆಗೆ ಕಾದಳು. ಕೈಯಲ್ಲಿ ಪಿಸ್ತೂಲು. ಎಲ್ಲಿಂದಲೋ ನಾಯಿಗಳು ಬೊಗಳುತ್ತಿದ್ದವು. ಗಾಳಿ ಇಳಿದ ಮೇಲೆ ಹೊದಿಕೆ ತೆಗೆದು ಎಂಜಿನ್ ಶುರುಮಾಡಿದರೆ ಅದು ಓಡಿತು. ಬಾಗ್ದಾದಿನಲ್ಲಿ ಇಳಿಯುವಾಗ ಚಕ್ರದ ಆಧಾರದ ಕಂಬಿ ಮುರಿಯಿತು. ರಾತ್ರೋರಾತ್ರಿ ಅಲ್ಲಿನ ಮಿಸ್ತ್ರಿಗಳು ಹೊಸದು ಮಾಡಿ ಕೂಡಿಸಿದರು. ಬಂದರ್ ಅಬ್ಬಾಸಿನಲ್ಲಿ ಇಳಿದಾಗ ಮತ್ತೆ ಪೆಟ್ಟಾಯಿತು, ಮತ್ತೆ ರಾತ್ರಿಯ ದುರಸ್ತಿ.

ಮೇ 10ರಂದು ಕರಾಚಿ. ಲಂಡನ್ನಿನಿಂದ ಆರೇ ದಿನ. ಹಿಂಕ್ಲರ್‌ಗಿಂತ ಎರಡು ದಿನ ಮುಂಚೆ. ಅಲ್ಲಿಯವರೆಗೆ ಪತ್ರಿಕೆಗಳಲ್ಲಿ ನಾಲ್ಕು ಸಾಲೂ ಬಾರದ ಹುಡುಗಿಯ ಹೆಸರು ಒಂದೇ ದಿನದಲ್ಲಿ ಪ್ರಪಂಚವನ್ನೆಲ್ಲ ಸುತ್ತಿತು.

ಮರುದಿನ ಅಲಹಾಬಾದಿಗೆ ಹೊರಟವಳು ತಲುಪಲಿಲ್ಲ. ಎದುರುಗಾಳಿಯಲ್ಲಿ ಪೆಟ್ರೋಲು ತೀರುತ್ತಾ ಬಂದು ಝಾನ್ಸಿಯಲ್ಲಿ ಸೈನ್ಯದ ಕವಾಯತು ಮೈದಾನದಲ್ಲಿ ಇಳಿದಳು. ಮೈದಾನ ಚಿಕ್ಕದು, ವಿಮಾನಕ್ಕೆ ಬ್ರೇಕಿಲ್ಲ. ಸಿಪಾಯಿಗಳು ದಿಕ್ಕಾಪಾಲಾಗಿ ಓಡಿದರು. ವಿಮಾನ ಬ್ಯಾರಕ್ಕುಗಳ ಕಡೆ ನುಗ್ಗಿ, ರೆಕ್ಕೆಗೆ ಪೆಟ್ಟು ಮಾಡಿಕೊಂಡು ನಿಂತಿತು. ಮೇ ತಿಂಗಳ ಝಾನ್ಸಿಯ ಬಿಸಿಲು ಹೇಗಿರುತ್ತದೆ ಎಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಸಿಪಾಯಿಗಳೂ ಬಡಗಿಯೂ ಸೇರಿ ಮುರಿದ ರೆಕ್ಕೆಯನ್ನು ಸರಿಪಡಿಸಿದರು. ಮರ ಮತ್ತು ಬಟ್ಟೆಯ ವಿಮಾನದ ದೊಡ್ಡ ಗುಣ ಇದು. ಒಳ್ಳೆಯ ಬಡಗಿ, ಒಳ್ಳೆಯ ದರ್ಜಿ ಇರುವ ಊರಿನಲ್ಲೆಲ್ಲ ಅದಕ್ಕೆ ಆಸ್ಪತ್ರೆ ಉಂಟು. ಮರುದಿನವೇ ಆಕೆ ಅಲಹಾಬಾದ್ ದಾಟಿ ಕಲ್ಕತ್ತೆ ಸೇರಿದಳು.

ಈ ಪ್ರಯಾಣದ ನಿಜವಾದ ಪರೀಕ್ಷೆ ನಡೆದದ್ದು ಬರ್ಮಾದಲ್ಲಿ. ಮೇ 13ರಂದು ಕಲ್ಕತ್ತೆಯಿಂದ ರಂಗೂನಿಗೆ ಹಾರುವಾಗ ಮುಂಗಾರಿನ ಮಳೆ ಸುರಿಯಿತು. ರಂಗೂನಿನಲ್ಲಿ ಕುದುರೆ ಜೂಜಿನ ಮೈದಾನದಲ್ಲಿ ಇಳಿಯಬೇಕಾಗಿತ್ತು. ಮಳೆಯಲ್ಲಿ ಅದು ಕಾಣಲಿಲ್ಲ. ಕೆಲವು ಮೈಲಿ ಈಚೆಗೆ ಇನ್‌ಸೇನ್ ಎಂಬ ಊರಿನಲ್ಲಿ ಒಂದು ಬಯಲು ಕಂಡಿತು. ಅಲ್ಲಿಯೇ ಇಳಿದಳು. ಅದು ಆಟದ ಮೈದಾನ. ಒದ್ದೆ ನೆಲದಲ್ಲಿ ಜಾರಿಕೊಂಡು ಹೋದ ವಿಮಾನ ಮೈದಾನದ ತುದಿಯ ಹಳ್ಳಕ್ಕೆ ಮೂತಿ ಕೊಟ್ಟಿತು. ಪ್ರೊಪೆಲ್ಲರ್ ಚೂರಾಯಿತು. ರೆಕ್ಕೆ ಮುರಿದು ಬಟ್ಟೆ ಹರಿಯಿತು. ಚಕ್ರದ ಆಧಾರ ಜಖಂ ಆಯಿತು. ಎರಡು ದಿನದ ಮುನ್ನಡೆಯೊಂದಿಗೆ ಬಂದ ಏಮಿ ಮಳೆಯಲ್ಲಿ ನಿಂತು ಅತ್ತಳು. ದಾಖಲೆ ಕೈತಪ್ಪಿತು ಎಂದು ಆಕೆಗೆ ಅಲ್ಲಿಯೇ ಗೊತ್ತಾಗಿತ್ತು.

ಆದರೆ ಬಿದ್ದ ಜಾಗವೇ ಅದೃಷ್ಟದ್ದು. ಅದು ಅಲ್ಲಿನ ಸರ್ಕಾರಿ ತಾಂತ್ರಿಕ ಶಾಲೆಯ ಮೈದಾನ. ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳಂತಹ ಸಂಸ್ಥೆ. ಮರಗೆಲಸ, ಕಬ್ಬಿಣದ ಕೆಲಸ ಕಲಿಸುವ ಶಾಲೆ. ಅಲ್ಲಿದ್ದ ಯಾರೂ ಅದುವರೆಗೆ ವಿಮಾನ ರಿಪೇರಿ ಮಾಡಿದವರಲ್ಲ. ಆದರೆ ಉಳಿ, ಸುತ್ತಿಗೆ, ಕುಲುಮೆ, ಕಲಿಸುವ ಮೇಷ್ಟರು, ಕಲಿಯುವ ಹುಡುಗರು ಎಲ್ಲ ಇದ್ದರು. ಅವರು ಮುರಿದ ರೆಕ್ಕೆಯ ಪಕ್ಕೆಲುಬುಗಳನ್ನು ನೋಡಿ, ಅದೇ ಅಳತೆಗೆ ಮರ ಕೊಯ್ದು ಹೊಸದು ಮಾಡಿದರು. ಬಾಗಿದ ಲೋಹದ ಭಾಗಗಳನ್ನು ನೇರ ಮಾಡಿದರು, ಮುರಿದವನ್ನು ಹೊಸದಾಗಿ ತಯಾರಿಸಿದರು. ಏಮಿ ಅವರ ನಡುವೆ ನಿಂತು ಯಾವ ಭಾಗ ಎಲ್ಲಿ ಕೂಡಬೇಕು, ಎಷ್ಟು ಬಿಗಿಯಿರಬೇಕು ಎಂದು ತೋರಿಸುತ್ತಾ ತಾನು ಎಂಜಿನಿನ ಕೆಲಸ ನೋಡಿಕೊಂಡಳು. ಲಂಡನ್ನಿನ ಹ್ಯಾಂಗರಿನಲ್ಲಿ ನೆಲ ಗುಡಿಸುತ್ತಾ ಕಲಿತದ್ದು ಇಲ್ಲಿ ಫಲ ಕೊಟ್ಟಿತು. ಬರೀ ಹಾರಿಸಲು ಮಾತ್ರ ಬಲ್ಲವರಾಗಿದ್ದರೆ ಹಡಗು ಹತ್ತಿ ಊರಿಗೆ ಹೋಗಬೇಕಾಗಿತ್ತು.

ರೆಕ್ಕೆಗೆ ಹೊದಿಸಲು ಬಟ್ಟೆ ಬೇಕಿತ್ತು. ಅಂಗಡಿಯ ಯಾವುದೋ ಬಟ್ಟೆ ಅದಕ್ಕಾಗದು. ಆಗ ಒಂದು ಸಂಗತಿ ನೆನಪಿಗೆ ಬಂತು. ಮೊದಲ ಮಹಾಯುದ್ಧ ಮುಗಿದ ಮೇಲೆ ಉಳಿದುಹೋದ ವಿಮಾನದ ಲಿನನ್ ಬಟ್ಟೆ ಅಗ್ಗಕ್ಕೆ ಮಾರಾಟವಾಗಿ, ಅದರಿಂದ ಅಂಗಿಗಳನ್ನು ಹೊಲಿದಿದ್ದರು. ಆ ಅಂಗಿಗಳನ್ನು ಹುಡುಕಿ ತಂದು, ಬಿಚ್ಚಿ, ಹೊಲಿದು ಜೇಸನ್ನಿನ ರೆಕ್ಕೆಗೆ ಹೊದಿಸಿದರು. ವಿಮಾನಕ್ಕೆಂದು ನೇಯ್ದ ಬಟ್ಟೆ ಮನುಷ್ಯರ ಮೈಮೇಲೆ ಹತ್ತು ವರ್ಷ ಕಳೆದು ಮತ್ತೆ ವಿಮಾನಕ್ಕೆ ಹೋಯಿತು. ಡೋಪ್ ಸಿಗಲಿಲ್ಲ. ಅದನ್ನು ರಂಗೂನಿನ ಔಷಧಿ ಅಂಗಡಿಯವರೊಬ್ಬರು ಕಲಸಿ ಕೊಟ್ಟರು. ಮುರಿದ ಪ್ರೊಪೆಲ್ಲರಿನ ಜಾಗಕ್ಕೆ ಲಂಡನ್ನಿನಿಂದ ಮಗ್ಗುಲಿಗೆ ಕಟ್ಟಿಕೊಂಡು ಬಂದದ್ದೇ ಕೂಡಿಕೊಂಡಿತು. ಮೈದಾನದಿಂದ ಮೇಲೇಳಲು ಜಾಗ ಸಾಲದ ಕಾರಣ ವಿಮಾನವನ್ನು ರಸ್ತೆಯ ಮೇಲೆ ಎಳೆಸಿಕೊಂಡು ರಂಗೂನಿನ ಜೂಜಿನ ಮೈದಾನಕ್ಕೆ ತಂದರು. ಮೇ 16ರಂದು ಆಕೆ ಮತ್ತೆ ಆಕಾಶದಲ್ಲಿದ್ದಳು.

ನಮ್ಮ ಪಾಠಗಳಲ್ಲಿ ಸಾಹಸಿಗಳ ಕಥೆ ಬಂದಾಗ ಹೊರಟದ್ದು, ತಲುಪಿದ್ದು ಎರಡನ್ನೇ ಹೇಳುತ್ತೇವೆ. ಇನ್‌ಸೇನ್‌ನ ಆ ಹುಡುಗರ ಹೆಸರು ಯಾವ ಪುಸ್ತಕದಲ್ಲೂ ನನಗೆ ಕಂಡಿಲ್ಲ. ಅವರು ಕೊಯ್ದ ಮರದ ಮೇಲೆ ಒಬ್ಬ ಹೆಣ್ಣುಮಗಳು ಬ್ಯಾಂಕಾಕಿಗೆ ಹಾರಿ ಹೋದಳು.

ಬ್ಯಾಂಕಾಕಿನ ಡಾನ್ ಮುಯಾಂಗ್ ನಿಲ್ದಾಣದಲ್ಲಿ ಕತ್ತಲಾದ ಮೇಲೂ ಎಂಜಿನ್ ಬಿಚ್ಚಿ ಕೆಲಸ. ಸಿಂಗಪುರದಲ್ಲಿ ಮತ್ತಷ್ಟು ದುರಸ್ತಿ. ಅಲ್ಲಿಂದ ಜಾವಾ ದ್ವೀಪದ ಕಡೆ ಹಾರುವಾಗ ಮೇ 19ರಂದು ಮಳೆಗೆ ಸಿಕ್ಕಿ ಜೊಮಾಲ್ ಎಂಬಲ್ಲಿ ಕಬ್ಬಿನ ತೋಟವೊಂದರ ಬಳಿ ಇಳಿದಳು. ಕಟ್ಟಡ ಕಟ್ಟಲೆಂದು ಆ ನೆಲದಲ್ಲಿ ಬಿದಿರಿನ ಗೂಟಗಳನ್ನು ನೆಟ್ಟಿದ್ದರು. ಗೂಟಗಳು ಕೆಳಗಿನ ರೆಕ್ಕೆಯ ಬಟ್ಟೆಯನ್ನು ತೂತು ಮಾಡಿದವು. ಈ ಸಲ ಗಾಯಕ್ಕೆ ಹಚ್ಚುವ ಅಂಟುಪಟ್ಟಿಯನ್ನೇ ತೂತುಗಳಿಗೆ ಅಂಟಿಸಿಕೊಂಡು ಮುಂದೆ ಹಾರಿದಳು. ಸುರಬಾಯದಲ್ಲಿ ಎಂಜಿನಿನ ತೊಂದರೆಗೆ ಒಂದು ದಿನ ಹೋಯಿತು. ತಿಮೋರ್ ದ್ವೀಪದಲ್ಲಿ ಕತ್ತಲಾಗುವ ಹೊತ್ತಿಗೆ ಹುತ್ತಗಳ ನಡುವೆ ಇಳಿದಳು, ಹೇಗೋ ಏನೂ ಮುರಿಯಲಿಲ್ಲ. ಕೊನೆಯ ಹಂತ ತಿಮೋರ್ ಸಮುದ್ರ. ಸುಮಾರು 500 ಮೈಲಿ ಬರೀ ನೀರು. ಅಲ್ಲಿ ಎಂಜಿನ್ ನಿಂತರೆ ಬಡಗಿಯೂ ಇಲ್ಲ, ದರ್ಜಿಯೂ ಇಲ್ಲ. ಎಂಜಿನ್ ನಿಲ್ಲಲಿಲ್ಲ. 1930ರ ಮೇ 24ರ ಮಧ್ಯಾಹ್ನ ಏಮಿ ಡಾರ್ವಿನ್‌ನಲ್ಲಿ ಇಳಿದಳು. 11,000 ಮೈಲಿ, ಹತ್ತೊಂಬತ್ತೂವರೆ ದಿನ. ಹಿಂಕ್ಲರ್ ಅವರ ದಾಖಲೆ ಹಾಗೆಯೇ ಉಳಿಯಿತು.

ಜನರಿಗೆ ಅದರ ಲೆಕ್ಕವಿರಲಿಲ್ಲ. ಹಾಡು ಕಟ್ಟಿದರು, ರಾಜಮನೆತನದಿಂದ ಸಿಬಿಇ ಪದವಿ ಬಂತು, ಡೈಲಿ ಮೇಲ್ ಪತ್ರಿಕೆ 10,000 ಪೌಂಡ್ ಕೊಟ್ಟು ಊರೂರು ಸುತ್ತಿಸಿತು. ಪತ್ರಿಕೆಗಳಿಗೆ ಆಕೆ ಟೈಪಿಸ್ಟ್ ಹುಡುಗಿ. ಟೈಪಿಸ್ಟ್ ಹುಡುಗಿ ಆಸ್ಟ್ರೇಲಿಯಾಕ್ಕೆ ಹಾರಿದಳು ಎಂಬುದು ಮಾರಾಟವಾಗುವ ಸುದ್ದಿ. ಎಂಜಿನಿಯರ್ ಲೈಸೆನ್ಸ್ ಇದ್ದವಳು ತನ್ನ ಎಂಜಿನನ್ನು ಪ್ರತಿ ರಾತ್ರಿ ಸರಿಪಡಿಸುತ್ತಾ ಹಾರಿದಳು ಎಂದರೆ ಅಷ್ಟು ಬೆರಗಿನ ಸುದ್ದಿಯಲ್ಲ ಎಂದು ಅವರಿಗೆ ತೋರಿರಬೇಕು. ನನಗಂತೂ ಇದು ಆಕೆಗೆ ಮಾಡಿದ ಅನ್ಯಾಯವೆಂದೇ ಅನ್ನಿಸುತ್ತದೆ. ಹೊಗಳುತ್ತಲೇ ಕಲಿಕೆಯನ್ನು ಅಳಿಸಿಹಾಕುವ ಅನ್ಯಾಯ. ಇತ್ತ ದಣಿವು ಮಿತಿಮೀರಿತ್ತು. ಡಾರ್ವಿನ್ ಸೇರಿದ ಕೆಲವೇ ದಿನಗಳಲ್ಲಿ ಬ್ರಿಸ್ಬೇನಿನಲ್ಲಿ ನಿಲ್ದಾಣ ದಾಟಿ ಹೋಗಿ ವಿಮಾನ ಮಗುಚಿತು. ಜೀವಕ್ಕೆ ತೊಂದರೆಯಾಗಲಿಲ್ಲ. ಇಂಗ್ಲೆಂಡಿಗೆ ಮರಳಿದ ಮೇಲೆ ಸನ್ಮಾನದ ಪ್ರವಾಸವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

1931ರಲ್ಲಿ ಲಂಡನ್ನಿನಿಂದ ಮಾಸ್ಕೋ ಮಾರ್ಗವಾಗಿ ಟೋಕಿಯೋಗೆ ಹತ್ತು ದಿನಗಳಲ್ಲಿ ಹಾರಿ ದಾಖಲೆ ಮಾಡಿದಳು. ಜೊತೆಯಲ್ಲಿದ್ದವರು ಜ್ಯಾಕ್ ಹಂಫ್ರೀಸ್, ಹ್ಯಾಂಗರಿನಲ್ಲಿ ಪ್ಲಗ್ ಉಜ್ಜಲು ಕಲಿಸಿದ ಅದೇ ಗುರುಗಳು. ಒಬ್ಬ ಶಿಕ್ಷಕನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇನ್ನೇನು ಬೇಕು? 1932ರಲ್ಲಿ ಜಿಮ್ ಮೊಲಿಸನ್ ಎಂಬ ಹೆಸರಾಂತ ವೈಮಾನಿಕರನ್ನು ಮದುವೆಯಾದಳು. ಅದೇ ವರ್ಷ ಒಬ್ಬಳೇ ಕೇಪ್‌ಟೌನಿಗೆ ಹಾರಿ ಗಂಡನ ದಾಖಲೆಯನ್ನೇ ಮುರಿದಳು. 1933ರಲ್ಲಿ ಗಂಡ ಹೆಂಡತಿ ಅಟ್ಲಾಂಟಿಕ್ ದಾಟಿ ಅಮೆರಿಕದಲ್ಲಿ ಇಳಿಯುವಾಗ ವಿಮಾನ ನುಚ್ಚುನೂರಾಯಿತು, ಇಬ್ಬರೂ ಗಾಯಗೊಂಡರು.

1934ರ ಲಂಡನ್–ಮೆಲ್ಬೋರ್ನ್ ವಿಮಾನ ಪಂದ್ಯದ ಕಥೆಯನ್ನು ಮಾತ್ರ ಸ್ವಲ್ಪ ಹೇಳಬೇಕು, ಏಕೆಂದರೆ ಅದೂ ನಮ್ಮ ನೆಲದಲ್ಲೇ ಮುಗಿಯಿತು. ಈ ಸಲ ದಂಪತಿಗಳ ಬಳಿ ಇದ್ದದ್ದು ಕಾಮೆಟ್ ಎಂಬ ಎರಡು ಎಂಜಿನ್ನಿನ, ಪಂದ್ಯಕ್ಕೆಂದೇ ತಯಾರಿಸಿದ ವಿಮಾನ. ಕರಾಚಿಗೆ ದಾಖಲೆಯ ವೇಗದಲ್ಲಿ ಬಂದರು. ಮುಂದೆ ರಾತ್ರಿ ದಾರಿ ತಪ್ಪಿ ಜಬಲ್‌ಪುರದಲ್ಲಿ ಇಳಿದರು. ಅಲ್ಲಿ ವಿಮಾನದ ಪೆಟ್ರೋಲಿರಲಿಲ್ಲ. ಬಸ್ಸುಗಳಿಗೆ ಹಾಕುವ ಪೆಟ್ರೋಲನ್ನೇ ತುಂಬಿಸಿಕೊಂಡರು. ಜೇಸನ್ನಿನ ಹಳೆಯ ಎಂಜಿನಾಗಿದ್ದರೆ ಒಂದಿಷ್ಟು ಸಹಿಸಿಕೊಳ್ಳುತ್ತಿತ್ತೇನೋ. ಪಂದ್ಯಕ್ಕೆ ಮಾರ್ಪಡಿಸಿದ ಎಂಜಿನ್ ಪೆಟ್ರೋಲು ಗಾಳಿಯ ಮಿಶ್ರಣವನ್ನು ಹೆಚ್ಚು ಅದುಮುತ್ತದೆ. ಕೀಳು ಪೆಟ್ರೋಲಾದರೆ ಅದು ಕ್ರಮ ತಪ್ಪಿ ಸಿಡಿದು ಪಿಸ್ಟನ್ನುಗಳನ್ನು ಸುಡುತ್ತದೆ. ಹಾಗೆಯೇ ಆಯಿತು. ಕುಂಟುತ್ತಾ ಅಲಹಾಬಾದ್ ಸೇರಿ ಪಂದ್ಯದಿಂದ ಹಿಂದೆ ಸರಿದರು. ನಾಲ್ಕು ವರ್ಷದ ಹಿಂದೆ ಝಾನ್ಸಿಯ ಬಡಗಿ ಸರಿಪಡಿಸಿದ ರೆಕ್ಕೆಯಲ್ಲಿ ಇದೇ ಊರು ದಾಟಿದ್ದವಳು ಏಮಿ. ಈ ಹೊಸ ಯಂತ್ರ ಯಾವ ಬಡಗಿಯ ಕೈಗೂ ಬಗ್ಗುವಂಥದ್ದಲ್ಲ.

ಆ ವರ್ಷವೇ ಬ್ರಿಟನ್ನಿನ ಮಹಿಳಾ ಎಂಜಿನಿಯರುಗಳ ಸಂಘ ಆಕೆಯನ್ನು ಅಧ್ಯಕ್ಷೆಯನ್ನಾಗಿ ಆರಿಸಿತು. 1937ರವರೆಗೆ ಆ ಸ್ಥಾನದಲ್ಲಿದ್ದಳು. ಪತ್ರಿಕೆಗಳು ಮರೆತದ್ದನ್ನು ಈ ಸಂಘ ಮರೆತಿರಲಿಲ್ಲ. 1936ರಲ್ಲಿ ಮತ್ತೊಮ್ಮೆ ಕೇಪ್‌ಟೌನಿಗೆ ಹಾರಿದಳು. ಅದು ಕೊನೆಯ ದಾಖಲೆ. 1938ರಲ್ಲಿ ವಿವಾಹ ವಿಚ್ಛೇದನವಾಯಿತು.

ಎರಡನೆಯ ಮಹಾಯುದ್ಧ ಬಂದಾಗ, ಕಾರ್ಖಾನೆಗಳಿಂದ ವಾಯುಪಡೆಯ ನೆಲೆಗಳಿಗೆ ವಿಮಾನಗಳನ್ನು ತಲುಪಿಸುವ ಸಂಸ್ಥೆಗೆ 1940ರಲ್ಲಿ ಸೇರಿದಳು. ಪ್ರಪಂಚಕ್ಕೆಲ್ಲ ಹೆಸರು ಗೊತ್ತಿದ್ದವಳು ಅಲ್ಲಿ ಎಲ್ಲರಂತೆ ಒಬ್ಬ ಪೈಲಟ್. ಹೆಂಗಸರ ಸಂಬಳ ಗಂಡಸರಿಗಿಂತ ಕಡಿಮೆ. ಅದನ್ನು ಸಮ ಮಾಡಿದ್ದು 1943ರಲ್ಲಿ. ಆ ಹೊತ್ತಿಗೆ ಏಮಿ ಇರಲಿಲ್ಲ.

1941ರ ಜನವರಿ 5ರಂದು ಬ್ಲ್ಯಾಕ್‌ಪೂಲಿನಿಂದ ಆಕ್ಸ್‌ಫರ್ಡ್ ಹತ್ತಿರದ ನೆಲೆಯೊಂದಕ್ಕೆ ಒಂದು ತರಬೇತಿ ವಿಮಾನ ತಲುಪಿಸಬೇಕಾಗಿತ್ತು. ದಟ್ಟ ಮೋಡ, ತೀವ್ರ ಚಳಿ. ದಾರಿ ತಪ್ಪಿದ ವಿಮಾನ ಗಂಟೆಗಟ್ಟಲೆ ಮೋಡದ ಮೇಲೆ ಅಲೆದು ಥೇಮ್ಸ್ ನದಿ ಸಮುದ್ರ ಸೇರುವಲ್ಲಿಗೆ ಬಂತು. ಏಮಿ ಪ್ಯಾರಾಶೂಟಿನಲ್ಲಿ ಧುಮುಕಿ ಮಂಜಿನಂತಹ ನೀರಿಗೆ ಬಿದ್ದಳು. ಹತ್ತಿರದಲ್ಲಿದ್ದ ಹೇಸಲ್‌ಮಿಯರ್ ಎಂಬ ನೌಕಾಪಡೆಯ ಹಡಗಿನವರು ಹಗ್ಗ ಎಸೆದರು. ಹಿಡಿಯಲಾಗಲಿಲ್ಲ. ಹಡಗಿನ ಅಧಿಕಾರಿ ವಾಲ್ಟರ್ ಫ್ಲೆಚರ್ ನೀರಿಗೆ ಹಾರಿದರು. ಅವರನ್ನು ಮೇಲೆತ್ತಿದರೂ ಚಳಿಗೆ ಪ್ರಾಣ ಉಳಿಯಲಿಲ್ಲ. ಏಮಿಯ ದೇಹ ಸಿಗಲೇ ಇಲ್ಲ. ನೀರಿನ ಮೇಲೆ ತೇಲುತ್ತಿದ್ದ ಆಕೆಯ ಚೀಲ ಮಾತ್ರ ಸಿಕ್ಕಿತು. ಆಗ ಆಕೆಗೆ 37 ವರ್ಷ.

ಜೇಸನ್ ಉಳಿದಿದೆ. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ, ಅದೇ ಹಸಿರು ಬಣ್ಣದಲ್ಲಿ, ಜಿ-ಎಎಎಎಚ್ ಎಂಬ ನೋಂದಣಿ ಅಕ್ಷರಗಳೊಂದಿಗೆ ಅದನ್ನು ಇಟ್ಟಿದ್ದಾರೆ.